ಯಾಕೆ ಬಂದೆ ಎಂದು ಕೇಳುವುದಿಲ್ಲ

ಅಕ್ಕೋರು ತೀರಿಕೊಂಡ ಮೇಲೆ ಕಾರವಾರದ ಒಂದು ಸಣ್ಣ ಹಾಲ್‌ನಲ್ಲಿ ಪುಣ್ಯಾನುಮೋದನೆ ಇಟ್ಟುಕೊಂಡಿದ್ದರು. ತೀರಿಹೋದವರ ನೆನಪಿಗೆ ಬೌದ್ಧರು ಸೇರಿ ನಡೆಸುವ ಕಾರ್ಯಕ್ರಮ ಅದು. ಬುದ್ಧನ ಚಿತ್ರದ ಮುಂದೆ ಮೇಣದಬತ್ತಿ ಹಚ್ಚಿ, ಎಲ್ಲರೂ ಎದ್ದು ನಿಂತು ಪಂಚಶೀಲ ಹೇಳಿ ಆದಮೇಲೆ ಒಬ್ಬೊಬ್ಬರೇ ಮಾತಾಡಿದರು. ಎಲ್ಲರ ಮಾತಿನಲ್ಲೂ ಅಕ್ಕೋರು ಸಿಟ್ಟೇ ಇಲ್ಲದ, ತಪ್ಪೇ ಮಾಡದ ದೇವತೆಯಾಗಿ ಕೂತಿದ್ದರು. ನನ್ನ ಕೈಗೂ ಮೈಕ್ ಬಂತು. ಒಂದೇ ಶಾಲೆಯಲ್ಲಿ ಕೆಲಸ ಮಾಡಿದವರು, ನೀವೂ ಎರಡು ಮಾತಾಡಿ ಅಂದರು. ನಾನು ಎದ್ದು ನಿಂತು ಶಿಸ್ತು, ಸಮಯಪಾಲನೆ, ಮಕ್ಕಳ ಮೇಲೆ ಮಮತೆ ಎಂದು ಏನೇನೋ ಒದರಿ ಕೂತೆ. ಶಾಲೆಯ ವಾರ್ಷಿಕ ವರದಿ ಓದಿದ ಹಾಗಿತ್ತು. ನನಗೇ ನಾಚಿಕೆಯಾಯಿತು.

ಅವರ ಬಗ್ಗೆ ನನಗೆ ಹೇಳಲಿಕ್ಕಿದ್ದದ್ದು ಅದಲ್ಲ. ಅವರ ಮೇಲೆ ನನಗೆ ಬೆಟ್ಟದಷ್ಟು ಪ್ರೀತಿಯಿತ್ತು, ಈಗಲೂ ಇದೆ. ಅದರ ಜೊತೆಗೆ ಒಂದು ಸಿಟ್ಟೂ ಇದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಇಟ್ಟುಕೊಂಡದ್ದು ನಾನಲ್ಲ, ಅದೇ ಉಳಿದುಕೊಂಡಿದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಾನೂ ಅಕ್ಕೋರೇ. ಆದರೆ ಅವರ್ಸಾದಲ್ಲಿ ಬರೀ ಅಕ್ಕೋರು ಅಂದರೆ ಅವರೊಬ್ಬರೇ. ಬಸ್ಸಿನ ಕಂಡಕ್ಟರಿಂದ ಹಿಡಿದು ಮೀನಿನ ಬುಟ್ಟಿ ಹೊತ್ತು ಬರುವವಳವರೆಗೆ ಎಲ್ಲರಿಗೂ ಅಷ್ಟೇ ಹೆಸರು ಸಾಕಿತ್ತು. ಹಾಗಾಗಿ ನಾನೂ ಅವರ ಹೆಸರು ಬರೆಯುವುದಿಲ್ಲ.

ನಾನು ಬೊಬ್ರುವಾಡದವಳು. ನಮ್ಮದು ಗದ್ದೆ ಮಾಡುವ ಮನೆ. ನಾನು ಅವರ್ಸಾದ ಶಾಲೆಗೆ ವರ್ಗವಾಗಿ ಬಂದಾಗ ಅಕ್ಕೋರು ಅಲ್ಲಿ ಹಳಬರಾಗಿದ್ದರು. ಸಣ್ಣ ಆಳು, ದೊಡ್ಡ ದನಿ. ಬೋರ್ಡಿನ ಮೇಲೆ ಬರೆದು ಮುಗಿದ ಕೂಡಲೇ ಸೀಮೆಸುಣ್ಣದ ಕೈಯನ್ನು ಸೆರಗಿನ ತುದಿಗೆ ಒರೆಸುತ್ತಿದ್ದರು. ಹಾಗಾಗಿ ಅವರ ಎಲ್ಲ ಸೀರೆಯ ಸೆರಗೂ ಬೆಳ್ಳಗೆ. ಬಂಗಡೆ ಸಾರು ಅಂದರೆ ಪ್ರಾಣ. ಬೌದ್ಧರು ಮೀನು ತಿನ್ನುತ್ತಾರಾ ಎಂದು ನಾನು ಮೊದಲ ವಾರವೇ ಕೇಳಿ ಮೂರ್ಖಳಾಗಿದ್ದೆ. ಅವರು ನನ್ನ ಡಬ್ಬಿಯಿಂದಲೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡು, ಕಡಲ ಬುಡದಲ್ಲಿ ಹುಟ್ಟಿದ ಬೌದ್ಧರು ತಿನ್ನುತ್ತಾರೆ ಅಂದರು.

ಅವರ ಅಜ್ಜ ಗಡಿಯಾಚೆಯಿಂದ ಕಾರವಾರದ ಬಂದರಿಗೆ ಹಮಾಲಿ ಕೆಲಸಕ್ಕೆ ಬಂದವರು. ಅಪ್ಪ ದೀಕ್ಷೆ ತೆಗೆದುಕೊಂಡು ಬೌದ್ಧರಾದರು, ತಮ್ಮವರ ಮದುವೆಗಳಲ್ಲಿ ವಿಧಿ ಓದುತ್ತಿದ್ದರು. ಅಪ್ಪ ಕಾಲವಾದ ಮೇಲೆ ಓದುವವರು ಯಾರೂ ಇಲ್ಲವೆಂದು ಒಂದು ಮದುವೆಯಲ್ಲಿ ಅಕ್ಕೋರನ್ನು ಎಬ್ಬಿಸಿದರಂತೆ. ಹೆಂಗಸು ಮದುವೆ ಮಾಡಿಸುವುದಾ ಎಂದು ಯಾರೋ ಗೊಣಗಿದ್ದಕ್ಕೆ, ಭಿಕ್ಷುಗಳು ಮದುವೆ ಮಾಡಿಸುವುದಿಲ್ಲ, ಇದು ಸಂಸಾರಸ್ಥರ ಕೆಲಸ, ಸಂಸಾರ ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಎಂದು ಬಾಯಿ ಮುಚ್ಚಿಸಿದರಂತೆ. ಆಮೇಲೆ ಕಾರವಾರ, ಅಂಕೋಲೆ ಕಡೆಯ ಬೌದ್ಧರ ಮನೆಗಳಲ್ಲಿ ಮದುವೆಯೆಂದರೆ ಅಕ್ಕೋರು ಬರಬೇಕು. ಯಾವಾಗಲೂ ಭಾನುವಾರ. ಮುಹೂರ್ತ ನೋಡುವ ಪದ್ಧತಿ ಇಲ್ಲ, ಶಾಲೆಗೆ ರಜೆ ಇರುವ ದಿನವೇ ಒಳ್ಳೆ ದಿನ.

ನಾನು ಮೊದಲ ಸಲ ಅವರ ಜೊತೆ ಹೋದದ್ದು ಕಾರವಾರದಲ್ಲಿ ಒಂದು ಮದುವೆಗೆ. ನನ್ನ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಮೇಜಿನ ಮೇಲೆ ಬಿಳಿ ಬಟ್ಟೆ, ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಮೇಣದಬತ್ತಿ, ಊದುಬತ್ತಿ. ಹೋಮದ ಹೊಗೆ ಇಲ್ಲ, ವಾಲಗ ಇಲ್ಲ. ಮದುಮಗಳು ಬಿಳಿ ಸೀರೆ ಉಟ್ಟು ಬಂದು ನಿಂತಾಗ ಅಮ್ಮ ನನ್ನ ಮೊಣಕೈ ಚಿವುಟಿದಳು. ಬಿಳಿ ಸೀರೆ ಉಡುವುದು ಯಾರು, ಯಾವಾಗ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಅಮ್ಮನಿಗೆ ಊಟ ಸೇರಲಿಲ್ಲ.

ನಂಬಿದರೆ ನಂಬಿ, ನನಗೆ ಮಾತ್ರ ಆ ಮದುವೆ ಹಿಡಿಸಿತು. ತ್ರಿಶರಣ, ಪಂಚಶೀಲ ಎಲ್ಲ ಪಾಲಿ ಭಾಷೆಯಲ್ಲಿ ಹೇಳಿ ಆದಮೇಲೆ ವರ ಐದು ಮಾತು ಕೊಡುತ್ತಾನೆ. ಹೆಂಡತಿಯನ್ನು ಗೌರವಿಸುತ್ತೇನೆ, ಅವಮಾನ ಮಾಡುವುದಿಲ್ಲ, ಇನ್ನೊಬ್ಬಳ ಹಿಂದೆ ಹೋಗುವುದಿಲ್ಲ, ಮನೆಯ ಅಧಿಕಾರ ಅವಳ ಕೈಗೆ ಕೊಡುತ್ತೇನೆ, ಉಡಲು ತೊಡಲು ಕಡಿಮೆ ಮಾಡುವುದಿಲ್ಲ. ಆಮೇಲೆ ವಧುವಿನದು ಐದು. ಮನೆವಾರ್ತೆ ಅಚ್ಚುಕಟ್ಟಾಗಿ ನೋಡಿಕೊಳ್ಳುವುದು, ಎರಡೂ ಕಡೆಯ ನೆಂಟರನ್ನು ಆದರಿಸುವುದು, ನಿಷ್ಠೆಯಿಂದ ಇರುವುದು, ಗಳಿಸಿದ್ದನ್ನು ಕಾಪಾಡುವುದು, ಆಲಸ್ಯ ಮಾಡದೆ ಇರುವುದು. ಹೆಣ್ಣಿನ ಆ ಐದನ್ನು ನಮ್ಮ ಕರಾವಳಿಯ ಹೆಂಗಸರು ಯಾರಿಗೂ ಮಾತು ಕೊಡದೆಯೇ ಮಾಡಿಕೊಂಡು ಬಂದಿದ್ದಾರೆ. ಗಂಡಿನ ಐದನ್ನು ಮಾತ್ರ ಮೈಕಿನಲ್ಲಿ ಹೇಳಿಸಬೇಕು. ಅಕ್ಕೋರು ಹಾಗೇ ಹೇಳಿಸುತ್ತಿದ್ದರು. ದೋಣಿ ಕೆಲಸದ ಒಬ್ಬ ಹುಡುಗ ನಾಚಿಕೊಂಡು ತುಟಿಯೊಳಗೇ ಗುಣುಗುಣು ಅಂದಾಗ, ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ, ಮತ್ತೆ ಹೇಳು ಅಂದರು. ಮತ್ತೆ ಹೇಳಿದ. ಸಾಲದು ಅಂದರು. ಕೊನೆಗೆ ಅವನು ಸಮುದ್ರದ ಮೇಲೆ ಕೂಗುವ ಹಾಗೆ ಕೂಗಿದ. ಇಡೀ ಚಪ್ಪರ ನಕ್ಕಿತು, ಅವನ ಹೆಂಡತಿಯೂ ನಕ್ಕಳು.

ಮದುವೆ ಆದಮೇಲೆ ಜೋಡಿ ಕಾಲಿಗೆ ಬೀಳಲು ಬಂದರೆ ಹಿಂದೆ ಸರಿಯುತ್ತಿದ್ದರು. ಆಶೀರ್ವಾದ ಮಾಡಲು ನಾನ್ಯಾರು, ನಾನು ಸಾಕ್ಷಿ ಅಷ್ಟೆ ಅನ್ನುತ್ತಿದ್ದರು. ಮದುವೆ ಅಂದರೆ ಬಿಚ್ಚಲಾಗದ ಗಂಟಲ್ಲ, ಇಬ್ಬರು ಕೊಟ್ಟುಕೊಂಡ ಮಾತು. ಮಾತು ಉಳಿದಷ್ಟು ದಿನ ಮದುವೆ ಉಳಿಯುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಹೆಡ್ಮಾಸ್ತರರು ಕೆಮ್ಮಿ ಹೊರಗೆ ಹೋಗುತ್ತಿದ್ದರು. ಇನ್ನೊಂದು ಅಭ್ಯಾಸವಿತ್ತು. ಮದುಮಗಳು ಊಟಕ್ಕೆ ಕೂರುವವರೆಗೆ ಅವರು ಎಲೆಯ ಮುಂದೆ ಕೂರುತ್ತಿರಲಿಲ್ಲ. ಫೋಟೊ, ನೆಂಟರು ಎಂದು ಹುಡುಗಿಯನ್ನು ನಿಲ್ಲಿಸಿಯೇ ಇಟ್ಟಿದ್ದರೆ, ಹೋಗಿ ಕೈ ಹಿಡಿದು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಜಗಳವಿದ್ದದ್ದು ಇದ್ಯಾವುದಕ್ಕೂ ಅಲ್ಲ. ಅಕ್ಕೋರು ವಿಧಿಗೆ ತಾವೇ ಒಂದು ಭಾಗ ಸೇರಿಸಿದ್ದರು. ವರ ವಧುವಿನ ಮಾತುಗಳಾದ ಮೇಲೆ, ಹಾರ ಹಾಕುವ ಮೊದಲು, ಹೆಣ್ಣಿನ ತಾಯಿ ತಂದೆಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಅವರು ಮಗಳ ಮುಖ ನೋಡಿ ಹೀಗೆ ಹೇಳಬೇಕು: "ಮಗಳೇ, ಅಲ್ಲಿ ನಿನಗೆ ಕಷ್ಟವಾದರೆ ನಮ್ಮ ಮನೆಗೆ ಬಾ. ಯಾವಾಗ ಬಂದರೂ ಬಾ. ಯಾಕೆ ಬಂದೆ ಎಂದು ಕೇಳುವುದಿಲ್ಲ." ಅದಕ್ಕೆ ಮಗಳು, "ನೆನಪಿಟ್ಟುಕೊಳ್ಳುತ್ತೇನೆ" ಅನ್ನಬೇಕು. ಆಮೇಲೆಯೇ ಹಾರ, ಆಮೇಲೆಯೇ ಮಂಗಲ ಗಾಥೆ, ಹೂವಿನ ಎಸಳು.

ಕೇಳಿದವರ ಎದೆ ಧಸಕ್ಕೆನ್ನುತ್ತಿತ್ತು. ಇನ್ನೂ ಹಾರ ಬಿದ್ದಿಲ್ಲ, ಆಗಲೇ ಹುಡುಗಿ ತಿರುಗಿ ಬರುವ ಮಾತು. ಬೌದ್ಧರಲ್ಲೂ ಹಿರಿಯರು ಬಂದು ವಾದ ಮಾಡಿದರು, ಇದು ಬುದ್ಧನ ಯಾವ ಉಪದೇಶದಲ್ಲಿ, ಯಾವ ಸುತ್ತದಲ್ಲಿದೆ ತೋರಿಸಿ ಎಂದರು. ಬುದ್ಧ ಹೇಳಿದ್ದೂ ಇಲ್ಲ, ಬೇಡ ಅಂದದ್ದೂ ಇಲ್ಲ ಎಂದರು ಅಕ್ಕೋರು. ಶಕುನ ಅಪಶಕುನ ಬಿಡುತ್ತೇವೆ ಎಂದು ದೀಕ್ಷೆ ತೆಗೆದುಕೊಂಡವರು, ಇದೊಂದು ಮಾತಿಗೆ ಮಾತ್ರ ಯಾಕೆ ಹೆದರುತ್ತೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಕೆಲವು ಮನೆಯವರು ಮದುವೆಗೆ ಬೇರೆ ಕಡೆಯಿಂದ ಜನ ಕರೆಸತೊಡಗಿದರು. ಅಕ್ಕೋರು ಜಪ್ಪಯ್ಯ ಅಂದರೂ ಆ ಮಾತು ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂಬುದನ್ನು ಅವರು ಒಂದೇ ಸಲ ಹೇಳಿದ್ದು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಮದುವೆಯಾದ ಹೊಸದರಲ್ಲಿ ಗಂಡನ ಕುಡಿತ ತಾಳಲಾರದೆ, ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಕಾರವಾರದ ತವರಿಗೆ ಬಂದಿದ್ದರಂತೆ. ಅಪ್ಪ ಜಗಲಿಯಲ್ಲೇ ಕೂತಿದ್ದರು. ಊರವರ ಮದುವೆಯಲ್ಲೆಲ್ಲ ಗಂಡಿನ ಐದು ಮಾತು ಓದಿಸುವ ಅದೇ ಅಪ್ಪ. ಯಾಕೆ ಬಂದೆ ಎಂದು ಕೇಳಿದರಂತೆ. ಹೇಳಿದ ಮೇಲೆ, ಒಂದು ಲೋಟ ಚಾ ಕುಡಿ, ಮುಂದಿನ ಬಸ್ಸಿಗೆ ಹೋಗು ಅಂದರಂತೆ. ಅಕ್ಕೋರು ಚಾ ಕುಡಿದು ಹೊರಟರು. ಗಂಡ ಆಮೇಲೆ ಬಹಳ ವರ್ಷ ಬದುಕಲಿಲ್ಲ. ಅಪ್ಪನ ಮೇಲೆ ಸಿಟ್ಟಿಲ್ಲವಾ ಎಂದು ಕೇಳಿದೆ. ಅಪ್ಪ ಕೆಟ್ಟವರಲ್ಲ, ಬೇರೆ ಮಾತು ಅವರ ಬಾಯಿಗೆ ಅಭ್ಯಾಸ ಇರಲಿಲ್ಲ ಅಂದರು. ಅದಕ್ಕೇ ಮುಂಚೆಯೇ, ಜನರೆದುರು, ಬಾಯಿಪಾಠ ಮಾಡಿಸುತ್ತೇನೆ, ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಅಂದು ನಕ್ಕರು.

ಸೊಂಟದಲ್ಲಿದ್ದ ಆ ಮಗಳು ಸುಜಾತಾ. ಒಬ್ಬಳೇ ಮಗಳು. ಸಣ್ಣವಳಿದ್ದಾಗಿನಿಂದ ತಾಯಿಯ ಜೊತೆ ಮದುವೆ ಮದುವೆಗೆ ಹೋಗಿ ಇಡೀ ವಿಧಿ ಅವಳಿಗೆ ಬಾಯಿಗೆ ಬರುತ್ತಿತ್ತು. ಪಾತ್ರೆ ತೊಳೆಯುತ್ತ ಮಂಗಲ ಗಾಥೆ ಹೇಳುತ್ತಿದ್ದಳು. ತಾಯಿಗೆ ಆಯಿ, ನನಗೆ ಮಾವ್ಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು. ಬಿ.ಎಡ್. ಮುಗಿಸಿ ಅಂಕೋಲೆಯ ಒಂದು ಶಾಲೆಗೆ ಸೇರಿದ್ದಳು. ಆಗ ನಿಪ್ಪಾಣಿ ಕಡೆಯಿಂದ ಸಂಬಂಧ ಬಂತು. ಬೌದ್ಧರದೇ ಮನೆ, ಹುಡುಗನಿಗೆ ಒಳ್ಳೆ ನೌಕರಿ, ವರದಕ್ಷಿಣೆಯ ಸುದ್ದಿ ಎತ್ತದ ಜನ. ಅಕ್ಕೋರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮದುವೆ ಕಾರವಾರದಲ್ಲೇ ಆಯಿತು. ಹೆಣ್ಣಿನ ತಾಯಿಯೇ ವಿಧಿ ಓದುವುದು ಹೇಗೆ ಎಂದು ಗಂಡಿನ ಕಡೆಯವರು ತಮ್ಮ ಹಿರಿಯರೊಬ್ಬರನ್ನು ಕರೆತಂದಿದ್ದರು. ಅವರ ಸ್ವರ ಚೆನ್ನಾಗಿತ್ತು, ಎಲ್ಲ ಶಿಸ್ತಾಗಿ ನಡೆಯಿತು. ವರನ ಐದು ಮಾತು, ವಧುವಿನ ಐದು ಮಾತು. ಈಗ ಅಕ್ಕೋರು ಎದ್ದು ನಿಲ್ಲುತ್ತಾರೆ ಎಂದು ನಾನು ಕುತ್ತಿಗೆ ಉದ್ದ ಮಾಡಿ ನೋಡಿದೆ. ಹಿರಿಯರು ಹಾರ ತರಲು ಹೇಳಿದರು. ಸುಜಾತಾ ಹಾರ ಹಿಡಿದವಳು ಒಂದು ಗಳಿಗೆ ತಾಯಿಯ ಕಡೆ ನೋಡಿದಳು. ಅಕ್ಕೋರು ಎಸಳಿನ ತಟ್ಟೆ ಹಂಚುವುದರಲ್ಲಿದ್ದರು. ಹಾರ ಬಿತ್ತು, ಎಸಳು ಹಾರಿದವು, ಮುಗಿಯಿತು.

ಊಟದ ಹಾಲ್‌ನಲ್ಲಿ ಅಕ್ಕೋರು ಜಿಲೇಬಿಯ ತಟ್ಟೆ ಹಿಡಿದು ಬೀಗರನ್ನು ಉಪಚರಿಸುತ್ತಿದ್ದರು. ಆ ಮಾತು ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದೆ. ಬೀಗರು ಮೊದಲೇ ಬಂದು ಅದೊಂದು ಬೇಡ, ನಮ್ಮ ಕಡೆಯ ಹೆಂಗಸರು ಹೆದರುತ್ತಾರೆ ಎಂದು ಕೇಳಿಕೊಂಡಿದ್ದರಂತೆ. ಅಷ್ಟಕ್ಕೆ ಒಪ್ಪುವವರಲ್ಲ ಅಕ್ಕೋರು. ನಾನು ಮುಖ ನೋಡುತ್ತ ಕೂತದ್ದು ಕಂಡು, ನನ್ನ ಎಲೆಗೆ ಒಂದು ಜಿಲೇಬಿ ಹಾಕಿ ಹೇಳಿದರು: "ಸುಜಾತಾಗೆ ನಾ ಅದನ್ನ ಹೇಳೂದು ಬೇಕನೆ ತಂಗಿ? ಅವಳಿಗೆ ಗೊತ್ತಿಲ್ದೇ ಇದ್ದದ್ದಾ?"

ಹೌದಲ್ಲ ಅನಿಸಿತು ನನಗೂ. ಜಿಲೇಬಿ ತಿಂದೆ.

ಆಮೇಲಿನ ವರ್ಷಗಳಲ್ಲಿ ಸುಜಾತಾ ತವರಿಗೆ ಬಂದದ್ದು ಕಡಿಮೆ. ಬಂದರೂ ಗಂಡನ ಜೊತೆ ಬಂದು ಅವನ ಜೊತೆಯೇ ಹೋಗುತ್ತಿದ್ದಳು. ಕೆಲಸ ಬಿಡಿಸಿದ್ದ. ಮಕ್ಕಳಾಗಲಿಲ್ಲ. ಒಮ್ಮೆ ಹಾಗೆ ಬಂದಾಗ ನಾನು ನೋಡಲು ಹೋದರೆ, ಚಾಕ್ಕೆ ಸಕ್ಕರೆ ಎಷ್ಟು ಹಾಕಲಿ ಮಾವ್ಶಿ ಎಂದು ನನ್ನನ್ನು ಕೇಳುವ ಮೊದಲು ಅವನ ಮುಖ ನೋಡಿದಳು. ನನಗೆ ಅದು ಮುಳ್ಳಿನ ಹಾಗೆ ಚುಚ್ಚಿತು. ಅಕ್ಕೋರಿಗೆ ಹೇಳಿದೆ. ಅವರಿಗೂ ಕಂಡಿತ್ತು. ಎಷ್ಟು ಸಲ ಹೇಗಿದ್ದೀ ಎಂದು ಕೇಳಿದರೂ ಚಲೋ ಇದ್ದೇನೆ ಅನ್ನುತ್ತಾಳೆ, ಅವಳಾಗಿ ಬಾಯಿ ಬಿಡದೆ ನಾನು ಹೇಗೆ ಮಧ್ಯ ಹೋಗಲಿ ಅಂದರು. ಊರವರ ಮಕ್ಕಳ ಸಂಸಾರದಲ್ಲಿ ನಡುಮನೆಗೇ ನುಗ್ಗಿ ಮಾತಾಡುವ ಹೆಂಗಸು, ಸ್ವಂತ ಮಗಳ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದರು. ಆಗಲೂ ಭಾನುವಾರಗಳಂದು ಬೇರೆಯವರ ಮಕ್ಕಳಿಗೆ ಆ ಮಾತು ಹೇಳಿಸುತ್ತಲೇ ಇದ್ದರು.

ಒಂದು ದಿನ ಶಾಲೆಯಲ್ಲಿ ಬಿಸಿಯೂಟದ ಹೊತ್ತು. ಮಕ್ಕಳು ಸಾಲಾಗಿ ಜಗಲಿಯಲ್ಲಿ ಕೂತಿದ್ದವು. ಅಕ್ಕೋರು ಸೌಟು ಹಿಡಿದು ಸಾರು ಬಡಿಸುತ್ತಿದ್ದರು, ನಾನು ಅನ್ನ. ಗೇಟು ತೆಗೆದುಕೊಂಡು ಸುಜಾತಾ ಬಂದಳು. ಒಬ್ಬಳೇ. ಹೆಗಲಿಗೆ ಒಂದು ಬ್ಯಾಗು, ಕೂದಲು ಬಾಚಿರಲಿಲ್ಲ. ಅಕ್ಕೋರು ಸೌಟು ಹಿಡಿದೇ ನಿಂತರು. ಅವರ ಬಾಯಿಂದ ಹೊರಟ ಮೊದಲ ಮಾತು ಇದು:

"ಯಾಕೆ ಬಂದೆ?"

ಗಾಬರಿಯಲ್ಲಿ ಬಂದ ಮಾತು. ಯಾವ ತಾಯಿಯಾದರೂ ಕೇಳುವ ಮಾತು. ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಆದರೆ ಕೇಳಿದವರು ಅವರು. ಕೇಳಿದ ಕೂಡಲೇ ಅವರಿಗೆ ಗೊತ್ತಾಯಿತು. ಸೌಟು ವಾಲಿ ಸಾರು ನೆಲಕ್ಕೆ ಬಿತ್ತು. ಸುಜಾತಾ ಅಳಲಿಲ್ಲ. ಮಕ್ಕಳಿಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದಳು: "ಎಲ್ಲೋರ ಆಯಿ ಅಪ್ಪನ ಬಾಯಲ್ಲಿ ಹೇಳಿಸ್ದೆ ನೀನು. ನಂಗೆ ಮಾತ್ರ ಹೇಳ್ಲಿಲ್ಲ. ಬರ್ಬಹುದೋ ಇಲ್ಲವೋ ಹೇಳಿ ಯೋಚನೆ ಮಾಡೂದ್ರಲ್ಲೇ ಇಷ್ಟು ವರ್ಷ ಹೋಯ್ತು, ಆಯಿ."

ಅಕ್ಕೋರು ಸೌಟು ನನ್ನ ಕೈಗೆ ಕೊಟ್ಟು, ಮಗಳ ಬ್ಯಾಗು ತಾವು ಹೆಗಲಿಗೆ ಹಾಕಿಕೊಂಡು, ಅರ್ಧ ದಿನದ ರಜೆ ಬರೆಯುವುದನ್ನೂ ಮರೆತು ಮನೆಗೆ ನಡೆದರು. ನಾನು ಅನ್ನ, ಸಾರು ಎರಡನ್ನೂ ಬಡಿಸಿದೆ.

ಹೇಗಿತ್ತು ಅಲ್ಲಿ ಎಂದು ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ವರ ಮೈಕಿನಲ್ಲಿ ಕೊಟ್ಟ ಐದು ಮಾತಿನಲ್ಲಿ ಒಂದೂ ಉಳಿದಿರಲಿಲ್ಲ. ಫೋನು ಅವನ ಕೈಯಲ್ಲಿ, ಬೀಗದ ಕೈ ಅವನ ಅಮ್ಮನ ಕೈಯಲ್ಲಿ. ಕೊನೆಕೊನೆಗೆ ಕೈಯೂ ಎತ್ತುತ್ತಿದ್ದ. ಕಾರವಾರದ ಕೋರ್ಟಿನಲ್ಲಿ ವಿಚ್ಛೇದನವಾಯಿತು. ಅಕ್ಕೋರು ಪ್ರತಿ ಸಲವೂ ಮಗಳ ಜೊತೆ ಹೋದರು, ವಕೀಲರ ಹತ್ತಿರ ಜಗಳ ಮಾಡಿದರು, ಮಗಳಿಗೆ ಅಂಕೋಲೆಯಲ್ಲಿ ಮತ್ತೆ ಶಾಲೆಯ ಕೆಲಸ ಸಿಗುವ ತನಕ ನಿದ್ದೆ ಮಾಡಲಿಲ್ಲ. ತಾಯಿ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಆದರೆ ಆ ಮನೆಯಲ್ಲಿ ಮಾತು ತೂಕ ಮಾಡಿದ ಹಾಗೆ ಆಗಿಹೋಗಿತ್ತು. ಅನ್ನ ಆಯ್ತಾ, ಬಸ್ಸು ಬಂತಾ, ಗ್ಯಾಸ್ ಹೇಳಿದ್ದೀಯಾ. ಸುಜಾತಾ ತಾಯಿಗೆ ಎಂದೂ ಎದುರು ಮಾತಾಡಲಿಲ್ಲ, ಎಂದೂ ಪಾತ್ರೆ ತೊಳೆಯುತ್ತ ಗಾಥೆ ಹೇಳಲಿಲ್ಲ.

ಅಕ್ಕೋರು ಮದುವೆ ಮಾಡಿಸುವುದನ್ನು ನಿಲ್ಲಿಸಿದರು. ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಎಂದರು. ಮೊದಮೊದಲು ಅದು ನೆಪ. ನಿವೃತ್ತಿಯ ನಂತರ ನಿಜವಾಯಿತು. ಹೃದಯದ ತೊಂದರೆ, ನಾಲ್ಕು ಮಾತಾಡಿದರೆ ಏದುಸಿರು. ಆ ದೊಡ್ಡ ದನಿ ಎಲ್ಲಿ ಹೋಯಿತೋ.

ನಾನು ಒಮ್ಮೆ ಧೈರ್ಯ ಮಾಡಿ, ಈಗಲಾದರೂ ಅವಳಿಗೆ ಆ ಮಾತು ಹೇಳಿಬಿಡಿ ಅಂದೆ. ಬಂದಾಗಿದೆಯಲ್ಲ ಮಾರಾಯ್ತಿ, ಬಂದವಳಿಗೆ ಬಾ ಹೇಳುವುದು ಹೇಗೆ ಎಂದು ಕಿಟಕಿಯ ಕಡೆ ತಿರುಗಿದರು. ನನಗೆ ಸಿಟ್ಟು ಬಂತು. ಜನರ ಬಾಯಿಂದ ಅಷ್ಟು ಸುಲಭವಾಗಿ ಹೇಳಿಸಿದವರಿಗೆ ತಮ್ಮ ಬಾಯಿಂದ ಹೇಳಲು ಇಷ್ಟು ಕಷ್ಟವೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಸ್ಸು ಹತ್ತಿದೆ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಬೆಳಂಬಾರದ ಒಬ್ಬ ಹುಡುಗಿ ಅಕ್ಕೋರನ್ನು ಹುಡುಕಿಕೊಂಡು ಬಂದಳು. ನಮ್ಮ ಶಾಲೆಯಲ್ಲೇ ಕಲಿತವಳು, ನಮ್ಮ ಹಾಗೇ ಗದ್ದೆ ಮಾಡುವ ಮನೆಯವಳು. ಕಾರವಾರದ ಒಬ್ಬ ಬೌದ್ಧ ಹುಡುಗನನ್ನು ಮೆಚ್ಚಿದ್ದಳು. ಅವಳ ಅಪ್ಪ ಜಗಳವಾಡಿ ಜಗಳವಾಡಿ ಸೋತು, ಮದುವೆ ತಮ್ಮ ಮನೆಯ ಅಂಗಳದಲ್ಲೇ ಆಗಬೇಕು ಎಂಬ ಒಂದು ಶರತ್ತಿಗೆ ಒಪ್ಪಿದ್ದ. ಮದುವೆ ಮಾಡಿಸಿದರೆ ಅಕ್ಕೋರೇ ಮಾಡಿಸಬೇಕು ಎಂದು ಹುಡುಗಿಯ ಹಟ. ಅಕ್ಕೋರು ಗಂಟಲು ತೋರಿಸಿದರು. ಆಗ ಒಳಗಿನಿಂದ ಸುಜಾತಾ ಬಂದು, ನಾನು ಹೇಳಿಕೊಡುತ್ತೇನೆ, ಆಯಿ ಮುಂದೆ ಕೂತಿರಲಿ ಅಂದಳಂತೆ. ಅಕ್ಕೋರು ಈ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದಾಗ ಏದುಸಿರಿನ ನಡುವೆಯೂ ಅವರ ಸಂತೋಷ ಕೇಳುತ್ತಿತ್ತು.

ಬೆಳಂಬಾರದ ಆ ಅಂಗಳದಲ್ಲಿ ತೆಂಗಿನ ಮಡಲಿನ ಚಪ್ಪರ ಹಾಕಿದ್ದರು. ಅರ್ಧ ಜನ ಬೌದ್ಧರು, ಅರ್ಧ ನಮ್ಮವರು. ಹುಡುಗಿಯ ಸೋದರಮಾವನೊಬ್ಬ ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಿದ್ದ. ಗುಟ್ಟಾಗಿ ಎಲ್ಲೋ ಮುಹೂರ್ತ ಕೇಳಿಕೊಂಡು ಬಂದಿದ್ದ ಎಂದು ಕಾಣುತ್ತದೆ. ಬಸ್ಸಿಗೆ ಹೊತ್ತಾಯ್ತನಾ ಎಂದು ಅಕ್ಕೋರು ಕೂತಲ್ಲಿಂದಲೇ ಕೇಳಿ ಅವನನ್ನು ನಾಚಿಸಿದರು. ಆ ಹೊತ್ತು ಅವರು ಹಳೆಯ ಅಕ್ಕೋರೇ ಆಗಿದ್ದರು.

ಸುಜಾತಾ ಕಾಗದವಿಲ್ಲದೆ ಹೇಳಿಕೊಟ್ಟಳು. ಒಂದಕ್ಷರ ತಪ್ಪಲಿಲ್ಲ. ವರನ ಐದು ಮಾತು ಹೇಳಿಸುವಾಗ ಮಾತ್ರ ಅವಳ ಮುಖ ಕಲ್ಲಿನ ಹಾಗಿತ್ತು. ಆಮೇಲೆ ಹುಡುಗಿಯ ತಾಯಿ ತಂದೆಯನ್ನು ಎಬ್ಬಿಸಿದಳು. ತಾಯಿ ಎದ್ದವಳೇ ಅಳಲು ಶುರು ಮಾಡಿದಳು. ಅಪ್ಪ ನಿಂತ. ಸುಜಾತಾ ಒಂದೊಂದೇ ಮಾತು ಹೇಳಿಕೊಟ್ಟಳು. ಅವನ ತುಟಿ ಅಲುಗಲಿಲ್ಲ.

"ನನ್ ಬಾಯಿಂದ ಬರೂದಿಲ್ಲ ಅಕ್ಕೋರೆ," ಎಂದ ಅವನು, ಸುಜಾತಾಗೆ ಅಲ್ಲ, ಕುರ್ಚಿಯಲ್ಲಿದ್ದ ಅಕ್ಕೋರಿಗೆ. "ಒಳ್ಳೆ ದಿವ್ಸ ಈ ಮಾತು ಆಡೂಕೆ ನಂಗೆ ಹೆದ್ರಿಕೆ ಆಗ್ತದೆ."

ಹುಡುಗಿ ತಲೆ ತಗ್ಗಿಸಿದಳು. ಆಗ ಅಕ್ಕೋರು ಕುರ್ಚಿಯ ಕೈ ಹಿಡಿದು ಎದ್ದರು. ನಾನು ಹಿಡಿದುಕೊಳ್ಳಲು ಹೋದೆ, ಬೇಡವೆಂದು ಕೈ ಸರಿಸಿದರು. ಉಸಿರು ಎಳೆದು ಎಳೆದು, ಆ ಮಾತನ್ನು ತಾವೇ ಹೇಳಿದರು: "ಮಗಳೇ, ಅಲ್ಲಿ ನಿನಗೆ ಕಷ್ಟವಾದರೆ ನಮ್ಮ ಮನೆಗೆ ಬಾ. ಯಾವಾಗ ಬಂದರೂ ಬಾ. ಯಾಕೆ ಬಂದೆ ಎಂದು ಕೇಳುವುದಿಲ್ಲ."

ಮದುಮಗಳು ಅವರ ಬಲಕ್ಕೆ ನಿಂತಿದ್ದಳು. ಅಕ್ಕೋರು ಆ ಕಡೆ ನೋಡಿರಲಿಲ್ಲ. ಅವರು ನೋಡಿದ್ದು ನೇರ ಎದುರಿಗೆ, ಸುಜಾತಾಳನ್ನು. ಹೇಳಿ ಆದಮೇಲೂ ಹಾಗೇ ನೋಡುತ್ತ ನಿಂತರು. ಸುಜಾತಾಳ ತುಟಿ ಒಂದು ಸಲ ತೆರೆಯಿತು. ಅಷ್ಟರಲ್ಲಿ ಮದುಮಗಳು, ಅದು ತನಗೇ ಹೇಳಿದ್ದು ಎಂದುಕೊಂಡು, ಅಳುತ್ತ "ನೆನಪಿಟ್ಟುಕೊಳ್ಳುತ್ತೇನೆ" ಅಂದಳು. ಅವಳ ಅಪ್ಪನಿಗೂ ಅಳು ತಡೆಯಲಾಗಲಿಲ್ಲ; ಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟು, ಬಾ ಮಗಾ, ಯಾವಾಗಾದ್ರೂ ಬಾ ಎಂದು ತನ್ನ ಮಾತಿನಲ್ಲೇ ಹೇಳಿದ. ಜನ ಕಣ್ಣೊರೆಸಿಕೊಂಡರು. ಸುಜಾತಾ ಹಾರ ತರಲು ಹೇಳಿದಳು. ಎಸಳು ಹಾರುವಾಗಲೂ ಅಕ್ಕೋರು ನಿಂತೇ ಇದ್ದರು. ಕೂರಿ ಎಂದು ನಾನು ಮೂರು ಸಲ ಹೇಳಿದ ಮೇಲೆ ಕೂತರು.

ಅದಾದ ಮೇಲೆ ಅಕ್ಕೋರು ನನಗೆ ದಿನ ಬಿಟ್ಟು ದಿನ ಫೋನ್ ಮಾಡತೊಡಗಿದರು. ಮೊದಲು ಮಳೆ, ಮೀನಿನ ರೇಟು, ಶಾಲೆಯ ಸುದ್ದಿ. ಇಡುವ ಮೊದಲು ಸಹಜವೆಂಬಂತೆ ಒಂದು ಪ್ರಶ್ನೆ: "ಸುಜಾತಾ ನಿನ್ ಹತ್ರ ಏನಾದ್ರೂ ಹೇಳಿದ್ಲನೆ?" ಇಲ್ಲ ಅನ್ನುತ್ತಿದ್ದೆ. ನೀವೇ ಕೇಳಿ ಅಂದರೆ, ಛೆ, ಕೇಳಿ ಹೇಳಿಸುವ ಮಾತಾ ಅದು ಅನ್ನುತ್ತಿದ್ದರು. ಬೆಳಂಬಾರದಲ್ಲಿ ತಾವು ಯಾರಿಗೆ ಹೇಳಿದ್ದು ಎಂಬುದು ಅವಳಿಗೆ ತಿಳಿಯಿತೋ ಇಲ್ಲವೋ ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು. ಅವಳು ಅದೇ ಮನೆಯಲ್ಲಿ, ಗೋಡೆಯ ಆಚೆ ಇದ್ದಳು. ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನವೂ ಅಕ್ಕೋರು ನನ್ನನ್ನು ಅದನ್ನೇ ಕೇಳಿದ್ದರು. ನನ್ನ ಉತ್ತರ ಬದಲಾಗಿರಲಿಲ್ಲ. ಮತ್ತೆ ಅವರ ಜೊತೆ ಮಾತಾಡಲಿಕ್ಕೆ ಆಗಲಿಲ್ಲ.

ಪುಣ್ಯಾನುಮೋದನೆ ಮುಗಿಸಿ ನಾನು ಸುಜಾತಾಳ ಜೊತೆಗೇ ಅವರ್ಸಾಕ್ಕೆ ಬಂದೆ. ಅವಳೊಬ್ಬಳನ್ನೇ ಆ ಮನೆಗೆ ಕಳಿಸಲು ಮನಸ್ಸಾಗಲಿಲ್ಲ. ಅವಳು ಚಾ ಮಾಡಿ ತಂದು ಎದುರಿಗೆ ಕೂತಳು. ಗೂಟದಲ್ಲಿ ಅಕ್ಕೋರ ಸೀರೆ ಇನ್ನೂ ಹಾಗೇ ನೇತಾಡುತ್ತಿತ್ತು. ಅವಳಾಗಿಯೇ ಶುರು ಮಾಡಿದಳು. ಬೆಳಂಬಾರದಲ್ಲಿ ಆಯಿ ಯಾರಿಗೆ ಹೇಳಿದ್ದು ಎಂದು ಆಗಲೇ ಗೊತ್ತಾಯಿತಂತೆ. ಉತ್ತರ ಕೊಡುವಷ್ಟರಲ್ಲಿ ಮದುಮಗಳೇ ಹೇಳಿಬಿಟ್ಟಳಂತೆ. ಮನೆಗೆ ಬಂದ ಮೇಲೆ ಹೇಳೋಣ ಎಂದುಕೊಂಡಳು, ಆಯಿ ಮಲಗಿಬಿಟ್ಟಿದ್ದಳು. ಮರುದಿನ ಶಾಲೆ. ಆಮೇಲೆ ದಿನ ಹೋದ ಹಾಗೆ, ಈಗೇನು ಅದನ್ನು ಬಾಯಿಬಿಟ್ಟು ಹೇಳುವುದು ಅನಿಸಿತು.

"ಆಯಿಗೆ ನಾ ಹೇಳೂದು ಬೇಕಾ ಮಾವ್ಶಿ? ಅವಳಿಗೆ ಗೊತ್ತಿಲ್ದೇ ಇದ್ದದ್ದಾ?"

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಕಾರವಾರದ ಊಟದ ಹಾಲ್, ಜಿಲೇಬಿಯ ತಟ್ಟೆ, ಎಲ್ಲ ಕಣ್ಣೆದುರು ಬಂತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಉತ್ತರ ಬೇಕಾಗಿತ್ತು ಅವಳಿಗೆ.

ಆವತ್ತು ಮಧ್ಯಾಹ್ನವಷ್ಟೇ ನಾನೂ ಎಲ್ಲರ ಜೊತೆ ಎದ್ದು ನಿಂತು ಪಂಚಶೀಲ ಹೇಳಿ ಬಂದಿದ್ದೆ. ಸುಳ್ಳು ಹೇಳುವುದಿಲ್ಲ ಎಂಬುದು ಅದರಲ್ಲಿ ನಾಲ್ಕನೆಯದು.

"ಗೊತ್ತಿತ್ತು," ಅಂದೆ.